ರಕ್ತದ ವರದಿ ನೋಡಿ ಶ್ವಾಸಕೋಶದ ಉರಿಯೂತವನ್ನು ಅಳೆಯಬಹುದೇ?

ಪ್ರಶ್ನೆ (ಶಿರಸಿಯಿಂದ):

ಡಾಕ್ಟರಿಗೆ ನಮಸ್ಕಾರಗಳು. ನಮ್ಮ ತಂದೆಯವರಿಗೆ 64 ವರ್ಷ. ಅಡಿಕೆ ತೋಟದ ಕೆಲಸ. ಬಹಳ ವರ್ಷ ಬೀಡಿ ಸೇದಿ ಈಗ ಬಿಟ್ಟಿದ್ದಾರೆ. ಕಫದ ಕೆಮ್ಮು ಮತ್ತು ಏರು ಹತ್ತುವಾಗ ದಮ್ಮು ಇರುವುದರಿಂದ ಟಯೋಟ್ರೋಪಿಯಂ ಮತ್ತು ಫಾರ್ಮೊಟೆರಾಲ್ ಸೇರಿದ ಇನ್‌ಹೇಲರ್ ಬಳಸುತ್ತಿದ್ದಾರೆ. ಕಳೆದ ಒಂದು ವರ್ಷದಲ್ಲಿ ಎರಡು ಸಲ ದಮ್ಮು ಹೆಚ್ಚಾಗಿ ಸ್ಟೀರಾಯ್ಡ್ ಮಾತ್ರೆ ಕೊಡಬೇಕಾಯಿತು. ಮೊನ್ನೆ ಲ್ಯಾಬ್‌ನವರ ಪ್ಯಾಕೇಜಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಒಟ್ಟು ಬಿಳಿ ರಕ್ತಕಣ 8,000, ಇಯೋಸಿನೋಫಿಲ್ ಶೇಕಡಾ 7, ಹಿಮೋಗ್ಲೋಬಿನ್ 10.4, ಇ.ಎಸ್.ಆರ್. (ಕೆಂಪು ರಕ್ತಕಣ ತಳಕ್ಕಿಳಿಯುವ ವೇಗ) 42, ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) 720, ಸಿ.ಆರ್.ಪಿ. (ಉರಿಯೂತದ ಸೂಚಕ) 1.1 ಎಂದು ಬಂದಿದೆ. ಮಳೆಗಾಲದಲ್ಲಿ ಬೇರೆ ಲ್ಯಾಬ್‌ನಲ್ಲಿ ಸಿ.ಆರ್.ಪಿ. 8 ಇತ್ತು, ಈಗ ಇಳಿದಿದೆ ಎಂದು ಸಮಾಧಾನವಾಯಿತು. ಆದರೆ ಇ.ಎಸ್.ಆರ್. ನೋಡಿದ ನೆಂಟರೊಬ್ಬರು ರಕ್ತದಲ್ಲಿ ಸೋಂಕಿದೆ ಎನ್ನುತ್ತಾರೆ. ಶ್ವಾಸಕೋಶದಲ್ಲಿ ಉರಿಯೂತ ಎಷ್ಟಿದೆ ಎಂಬುದು ಇದರಿಂದ ತಿಳಿಯುತ್ತದೆಯೇ? ಪ್ರತಿ ತಿಂಗಳೂ ಸಿ.ಆರ್.ಪಿ. ಮಾಡಿಸುತ್ತಾ ಹೋದರೆ ಉಪಯೋಗವಿದೆಯೇ?

ಶ್ವಾಸಕೋಶ ತಜ್ಞರ ಉತ್ತರ:

ಮೊದಲಿಗೆ ಒಂದು ತಿದ್ದುಪಡಿ. ದಯವಿಟ್ಟು ಎರಡೂ ವರದಿಗಳಲ್ಲಿ ಸಿ.ಆರ್.ಪಿ. ಸಂಖ್ಯೆಯ ಪಕ್ಕದಲ್ಲಿರುವ ಅಳತೆಯ ಮಾನವನ್ನು ಓದಿರಿ. ಕೆಲವು ಲ್ಯಾಬ್‌ಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದರೆ ಇನ್ನು ಕೆಲವು ಡೆಸಿಲೀಟರಿಗೆ ಇಷ್ಟು ಎಂದು ಬರೆಯುತ್ತವೆ. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ಈಗಿನ ವರದಿಯಲ್ಲಿ ಸಹಜ ಮಿತಿಯನ್ನು 0.5 ಎಂದು ಮುದ್ರಿಸಿದ್ದರೆ ನಿಮ್ಮ 1.1 ಎಂಬುದು ವಾಸ್ತವದಲ್ಲಿ ಲೀಟರಿಗೆ 11 ಮಿಲಿಗ್ರಾಂ. ಅಂದರೆ ಅದು ಇಳಿದಿಲ್ಲ, ಸ್ವಲ್ಪ ಏರಿದೆ. ಹಾಗೆಂದು ಗಾಬರಿಪಡಬೇಕಾಗಿಲ್ಲ, 8 ಮತ್ತು 11ರ ನಡುವಿನ ಅಂತರಕ್ಕೆ ಚಿಕಿತ್ಸೆಯ ದೃಷ್ಟಿಯಿಂದ ಅರ್ಥವಿಲ್ಲ.

ಸಿ.ಆರ್.ಪಿ. ಎಂಬ ಪ್ರೋಟೀನನ್ನು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿಯೇ ಮೊದಲು ಗುರುತಿಸಿದರು ಎಂಬುದು ನಿಜವಾದರೂ ಅದು ತಯಾರಾಗುವುದು ಶ್ವಾಸಕೋಶದಲ್ಲಲ್ಲ, ಯಕೃತ್ತಿನಲ್ಲಿ. ದೇಹದ ಯಾವ ಮೂಲೆಯಲ್ಲಿ ಉರಿಯೂತವಾದರೂ, ಅದು ಒಸಡಿನಲ್ಲಿರಲಿ, ಮಂಡಿಯಲ್ಲಿರಲಿ, ಮೂತ್ರಕೋಶದಲ್ಲಿರಲಿ, ಯಕೃತ್ತಿಗೆ ಸಂದೇಶ ಹೋಗಿ ಇದರ ಪ್ರಮಾಣ ಏರುತ್ತದೆ. ಕಾರಣ ನಿಂತರೆ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧವಾಗುತ್ತಾ ಇಳಿಯುತ್ತದೆ. ಆದ್ದರಿಂದ ದಮ್ಮು ಉಲ್ಬಣಿಸಿ ಜ್ವರ ಬಂದ ದಿನ ಇದು 100 ದಾಟಿದೆಯೇ ಅಥವಾ 20ರೊಳಗೇ ಇದೆಯೇ ಎಂದು ನೋಡುವುದು, ಆ್ಯಂಟಿಬಯಾಟಿಕ್ ಬೇಕೇ ಬೇಡವೇ ಎಂದು ಯೋಚಿಸುವ ವೈದ್ಯರಿಗೆ ನೆರವಾಗುತ್ತದೆ. ಆರಾಮವಾಗಿರುವ ತಿಂಗಳುಗಳಲ್ಲಿ ಪದೇ ಪದೇ ಮಾಡಿಸುವುದು ಹಣದ ವ್ಯಯ.

ಇ.ಎಸ್.ಆರ್. ಇನ್ನೂ ಅಸ್ಪಷ್ಟ ಸೂಚಕ. ವಯಸ್ಸಾದಂತೆ ಅದು ಏರುತ್ತದೆ, ರಕ್ತಹೀನತೆಯಿದ್ದರೂ ಏರುತ್ತದೆ, ಮತ್ತು ನಿಮ್ಮ ತಂದೆಯವರಲ್ಲಿ ಎರಡೂ ಇವೆ. ನೆಂಟರು ಹೇಳಿದ ‘ರಕ್ತದಲ್ಲಿ ಸೋಂಕು’ ಇದರಿಂದ ಸಾಬೀತಾಗುವುದಿಲ್ಲ. ಆದರೆ ಬೀಡಿ ಸೇದಿದವರಲ್ಲಿ ಕೆಮ್ಮು, 10.4ರ ಹಿಮೋಗ್ಲೋಬಿನ್ ಮತ್ತು 42ರ ಇ.ಎಸ್.ಆರ್. ಮೂರೂ ಒಟ್ಟಿಗೆ ಕಂಡಾಗ ನಾನು ಎದೆಯ ಎಕ್ಸ್‌-ರೇ ಮತ್ತು ಕ್ಷಯಕ್ಕಾಗಿ ಕಫದ ಪರೀಕ್ಷೆಯನ್ನು ಬಿಡುವುದಿಲ್ಲ. ಕ್ಷಯವಾಗಲಿ ಶ್ವಾಸಕೋಶದ ಗಡ್ಡೆಯಾಗಲಿ ಇಲ್ಲವೆಂದು ರಕ್ತದ ಯಾವ ಪ್ಯಾಕೇಜೂ ಹೇಳಲಾರದು. ತೂಕ ಇಳಿದಿದ್ದರೆ, ಕಫದಲ್ಲಿ ರಕ್ತ ಕಂಡಿದ್ದರೆ ಈ ವಾರವೇ ತೋರಿಸಿ.

ಇನ್ನು ನಿಮ್ಮ ವರದಿಯಲ್ಲಿ ಚಿಕಿತ್ಸೆಯನ್ನು ಬದಲಿಸಬಲ್ಲ ಒಂದೇ ಒಂದು ಸಂಖ್ಯೆಗೆ ಬರೋಣ. ಅದನ್ನು ಯಾರೂ ನಿಮಗೆ ವಿವರಿಸಿದಂತಿಲ್ಲ. ಇಯೋಸಿನೋಫಿಲ್ ಎಂಬುದು ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಶೇಕಡಾವಾರು ಲೆಕ್ಕಕ್ಕಿಂತ ಒಟ್ಟು ಎಣಿಕೆಯನ್ನು, ಅಂದರೆ ಲ್ಯಾಬ್‌ನವರು ಎ.ಇ.ಸಿ. ಎನ್ನುವುದನ್ನು, ನೋಡಬೇಕು. 8,000ಕ್ಕೆ ಶೇಕಡಾ 7 ಎಂದರೆ 560. ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಕುರಿತ ‘ಗೋಲ್ಡ್’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಪದೇ ಪದೇ ದಮ್ಮು ಉಲ್ಬಣಿಸುವ ರೋಗಿಯಲ್ಲಿ ಈ ಎಣಿಕೆ 300 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೇದುವ ಸ್ಟೀರಾಯ್ಡ್‌ನಿಂದ ಪ್ರಯೋಜನ ಸಿಗುವ ಸಂಭವ ಹೆಚ್ಚು. 100ಕ್ಕಿಂತ ಕಡಿಮೆಯಿದ್ದರೆ ಪ್ರಯೋಜನ ಅಲ್ಪ, ನ್ಯುಮೋನಿಯಾದ ಅಪಾಯವೇ ಹೆಚ್ಚು. ನಿಮ್ಮ ತಂದೆಯವರ ಇನ್‌ಹೇಲರ್‌ನಲ್ಲಿರುವ ಎರಡೂ ಔಷಧಗಳು ಶ್ವಾಸನಾಳವನ್ನು ಹಿಗ್ಗಿಸುವಂಥವು. ಅದರಲ್ಲಿ ಸ್ಟೀರಾಯ್ಡ್ ಇಲ್ಲ. ವರ್ಷದಲ್ಲಿ ಎರಡು ಸಲ ಉಲ್ಬಣ ಮತ್ತು 560ರ ಎಣಿಕೆ ಎರಡನ್ನೂ ಮುಂದಿಟ್ಟು, ಸ್ಟೀರಾಯ್ಡ್ ಸೇರಿಸಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿರಿ. ಕ್ಷಯವಿಲ್ಲ ಎಂದು ಖಚಿತವಾದ ಮೇಲೆ ಆ ಮಾತು. ನೀವಾಗಿಯೇ ಔಷಧದ ಅಂಗಡಿಯಿಂದ ಬದಲಿಸಬೇಡಿ.

ಇಷ್ಟೆಲ್ಲ ಹೇಳಿದರೂ ನಿಮ್ಮ ಪತ್ರದಲ್ಲಿ ಸ್ಪೈರೋಮೆಟ್ರಿಯ, ಅಂದರೆ ಊದಿಸಿ ಮಾಡುವ ಪರೀಕ್ಷೆಯ, ಪ್ರಸ್ತಾಪವೇ ಇಲ್ಲ. ಸಿ.ಒ.ಪಿ.ಡಿ. ಇದೆಯೇ, ಉಬ್ಬಸವೇ, ಶ್ವಾಸನಾಳ ಎಷ್ಟು ಕಿರಿದಾಗಿದೆ ಎಂಬುದನ್ನು ತಿಳಿಸುವುದು ಅದು. ಅದಿಲ್ಲದೆ ಮೇಲಿನ ಲೆಕ್ಕಕ್ಕೆ ಬುಡವಿರುವುದಿಲ್ಲ.

ಅದೇ ಪ್ರಶ್ನಕರ್ತರು:

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಅಳತೆಯ ವಿಷಯದಲ್ಲಿ ತಾವು ಹೇಳಿದ್ದೇ ಸರಿ. ಆದರೆ ಮಳೆಗಾಲದ ವರದಿಯಲ್ಲಿ ಎ.ಇ.ಸಿ. ಬರೀ 60 ಇದೆ. ಯಾವುದನ್ನು ನಂಬಬೇಕು? ಐಜಿಇ 720 ಇರುವುದಕ್ಕೆ ಅಲರ್ಜಿ ಕಾರಣವೇ?

ಉತ್ತರ:

ಆ ರಕ್ತ ತೆಗೆದದ್ದು ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದಾಗ ಎಂದು ನನ್ನ ಊಹೆ. ಮಾತ್ರೆಯ ಚೀಟಿಯ ದಿನಾಂಕದೊಡನೆ ಹೋಲಿಸಿ ನೋಡಿ. ಪ್ರೆಡ್ನಿಸೊಲೋನ್ ನುಂಗಿದ ಕೆಲವೇ ಗಂಟೆಗಳಲ್ಲಿ ಇಯೋಸಿನೋಫಿಲ್‌ಗಳು ರಕ್ತದಿಂದ ಬಹುಮಟ್ಟಿಗೆ ಮರೆಯಾಗುತ್ತವೆ. ಹಾಗಿದ್ದಲ್ಲಿ ಆ 60 ಮಾತ್ರೆಯ ಪ್ರಭಾವವನ್ನು ತೋರಿಸುತ್ತದೆಯೇ ಹೊರತು ರೋಗದ ಸ್ವಭಾವವನ್ನಲ್ಲ. ಇದಲ್ಲದೆ ದಿನದ ಹೊತ್ತಿಗೆ ತಕ್ಕಂತೆಯೂ ಈ ಎಣಿಕೆ ಏರಿಳಿಯುತ್ತದೆ. ಆರಾಮವಾಗಿರುವಾಗ, ಮಾತ್ರೆ ನಿಲ್ಲಿಸಿ ಕೆಲವು ವಾರಗಳಾದ ಮೇಲೆ ಮತ್ತೊಮ್ಮೆ ಮಾಡಿಸಿದರೆ ನಿರ್ಧಾರಕ್ಕೆ ಗಟ್ಟಿ ಆಧಾರ ಸಿಗುತ್ತದೆ.

ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವವರಾದರೆ ಇನ್ನೊಂದು ವಿಷಯವಿದೆ. ಹುಳುಗಳು ಇಯೋಸಿನೋಫಿಲ್ ಮತ್ತು ಐಜಿಇ ಎರಡನ್ನೂ ಏರಿಸುತ್ತವೆ. ಅದರಲ್ಲೂ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಒದ್ದೆ ಮಣ್ಣಿನಿಂದ ಪಾದದ ಚರ್ಮದ ಮೂಲಕ ಒಳಸೇರಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಮತ್ತು ಸ್ಟೀರಾಯ್ಡ್ ಮಾತ್ರೆ ಕೊಟ್ಟಾಗ ಮಿತಿಮೀರಿ ಹೆಚ್ಚಿ ಪ್ರಾಣಕ್ಕೇ ಕುತ್ತು ತರಬಲ್ಲದು. ಆದ್ದರಿಂದ ಮತ್ತೆ ಮಾತ್ರೆಯ ಸರದಿ ಬರುವ ಮೊದಲು ಮಲ ಪರೀಕ್ಷೆಯ ಬಗ್ಗೆ ಕೇಳಿ. ಒಂದೇ ಮಾದರಿಯಲ್ಲಿ ಅದು ತಪ್ಪಿಹೋಗುವುದುಂಟು. ಫೈಲೇರಿಯಾಕ್ಕೆ ಸಂಬಂಧಿಸಿದ ಇಯೋಸಿನೋಫಿಲಿಯಾ ಎಂಬ ಬೇರೊಂದು ಕಾಯಿಲೆಯಿದೆ, ರಾತ್ರಿ ಕೆಮ್ಮು ಅದರ ಗುರುತು, ಆದರೆ ಅದರಲ್ಲಿ ಎಣಿಕೆ ಸಾಮಾನ್ಯವಾಗಿ 3,000 ಮೀರುತ್ತದೆ.

ಐಜಿಇ 500 ದಾಟಿರುವುದರಿಂದ ಆಸ್ಪರ್ಜಿಲಸ್ ಎಂಬ ಬೂಷ್ಟಿನ ವಿರುದ್ಧದ ಐಜಿಇಯನ್ನು ಪ್ರತ್ಯೇಕವಾಗಿ ನೋಡುವುದು ಒಳ್ಳೆಯದು. ಸ್ಪೈರೋಮೆಟ್ರಿಯಲ್ಲಿ ಉಬ್ಬಸದ ಲಕ್ಷಣ ಕಂಡರೆ ಅಥವಾ ಕಂದು ಬಣ್ಣದ ಗಟ್ಟಿ ಕಫ ಬರುತ್ತಿದ್ದರೆ ಇದನ್ನು ಮಾಡಿಸಲೇಬೇಕು.

ಪ್ರಶ್ನೆ (ಬೆಂಗಳೂರಿನಿಂದ):

ಇದೇ ವಿಷಯದಲ್ಲಿ ನನ್ನದೂ ಒಂದು ಪ್ರಶ್ನೆ. ಅಮ್ಮನಿಗೆ 58 ವರ್ಷ, ಒಣಕೆಮ್ಮು. ಸಿ.ಟಿ. ಸ್ಕ್ಯಾನ್‌ನಲ್ಲಿ ಐ.ಎಲ್.ಡಿ. (ಶ್ವಾಸಕೋಶದ ಜಾಲರಿಯ ಕಾಯಿಲೆ) ಎಂದಿದೆ. ಸಿ.ಆರ್.ಪಿ. ಪೂರ್ತಿ ಸಹಜ. ಉರಿಯೂತವಿಲ್ಲ ಎಂದು ತಿಳಿಯಬಹುದೇ? ಎ.ಎನ್.ಎ., ಸಿ.ಸಿ.ಪಿ. ಮುಂತಾದ (ದೇಹ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆಗಳನ್ನು ಹುಡುಕುವ) ರಕ್ತ ಪರೀಕ್ಷೆಗಳ ಉದ್ದದ ಪಟ್ಟಿ ಬರೆದುಕೊಟ್ಟಿದ್ದಾರೆ. ಕೆ.ಎಲ್.-6 ಕೂಡ ಮಾಡಿಸಬೇಕೇ?

ಉತ್ತರ:

ತಿಳಿಯಲಾಗದು. ಶ್ವಾಸಕೋಶದ ಜಾಲರಿಯಲ್ಲಿ ನಿಧಾನವಾಗಿ ನಡೆಯುವ ಉರಿಯೂತ ಮತ್ತು ಗಾಯದ ಕಲೆಗಟ್ಟುವಿಕೆ ಎರಡೂ ಸಿ.ಆರ್.ಪಿ. ಸಹಜವಾಗಿರುವಾಗಲೇ ಮುಂದುವರಿಯಬಲ್ಲವು. ನಿಮಗೆ ಬರೆದುಕೊಟ್ಟಿರುವ ಪಟ್ಟಿಯ ಉದ್ದೇಶ ಬೇರೆ: ಕಾಯಿಲೆ ಎಷ್ಟಿದೆ ಎಂದು ಅಳೆಯುವುದಲ್ಲ, ಏಕೆ ಬಂತು ಎಂದು ಹುಡುಕುವುದು. ಸಂಧಿವಾತ, ಚರ್ಮ ಗಡುಸಾಗುವ ಸ್ಕ್ಲೀರೋಡರ್ಮಾ, ಸ್ನಾಯುಗಳ ಉರಿಯೂತ ಇವು ಕೀಲು ಅಥವಾ ಚರ್ಮಕ್ಕಿಂತ ಮೊದಲೇ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವುದುಂಟು, ಮತ್ತು ಕಾರಣ ಗೊತ್ತಾದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಹಾಗಾಗಿ ಆ ಪಟ್ಟಿ ದುಬಾರಿಯಾದರೂ ಅನಗತ್ಯವಲ್ಲ. ಎ.ಎನ್.ಎ. ಅಲ್ಪ ಪ್ರಮಾಣದಲ್ಲಿ ಆರೋಗ್ಯವಂತರಲ್ಲೂ ಕಾಣುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಕೆ.ಎಲ್.-6 ಗಾಳಿಗೂಡುಗಳ ಜೀವಕೋಶಗಳಿಂದಲೇ ರಕ್ತಕ್ಕೆ ಸೋರುವ ವಸ್ತುವಾದ್ದರಿಂದ ಸಿ.ಆರ್.ಪಿ.ಗಿಂತ ಶ್ವಾಸಕೋಶಕ್ಕೆ ಹತ್ತಿರದ ಸೂಚಕ. ಜಪಾನಿನಲ್ಲಿ ಇದು ನಿತ್ಯ ಬಳಕೆಯಲ್ಲಿದೆ. ಆದರೆ ಯಾವ ಬಗೆಯ ಐ.ಎಲ್.ಡಿ. ಎಂದು ಅದು ಹೇಳುವುದಿಲ್ಲ, ಮತ್ತು ಎಫ್.ವಿ.ಸಿ. (ಪೂರ್ತಿ ಉಸಿರೆಳೆದು ಊದುವ ಒಟ್ಟು ಗಾಳಿ), ಡಿ.ಎಲ್.ಸಿ.ಒ. (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ) ಹಾಗೂ ನಡೆದಾಗ ಆಮ್ಲಜನಕ ಎಷ್ಟು ಇಳಿಯುತ್ತದೆ ಎಂಬ ಅಳತೆಗಳ ಜಾಗವನ್ನು ಅದು ತುಂಬಲಾರದು. ಕೈಯಲ್ಲಿರುವ ಹಣವನ್ನು ಮೊದಲು ಆ ಪರೀಕ್ಷೆಗಳಿಗೆ ಖರ್ಚು ಮಾಡಿ.

ಬಾಲ್ಕನಿಯಲ್ಲಿ ಪಾರಿವಾಳಗಳಿವೆಯೇ? ಅವುಗಳ ಹಿಕ್ಕೆ ಮತ್ತು ಗರಿಯ ಧೂಳಿನಿಂದ ಬರುವ ಶ್ವಾಸಕೋಶದ ಉರಿಯೂತ ನಮ್ಮ ನಗರಗಳಲ್ಲಿ ಅಪರೂಪವಲ್ಲ. ಅದಕ್ಕೂ ಐಜಿಜಿ ಎಂಬ ರಕ್ತ ಪರೀಕ್ಷೆಯಿದೆ, ಆದರೆ ಅದು ಧೂಳಿಗೆ ದೇಹ ಒಡ್ಡಿಕೊಂಡಿದೆ ಎಂದಷ್ಟೇ ಹೇಳುತ್ತದೆ. ಪಾರಿವಾಳ ಸಾಕಿಯೂ ಯಾವ ಕಾಯಿಲೆಯೂ ಇಲ್ಲದವರಲ್ಲಿ ಅದು ಏರಿರಬಹುದು. ನಿಮ್ಮ ಉತ್ತರ ‘ಹೌದು’ ಎಂದಾದರೆ ಸಿ.ಟಿ.ಯನ್ನು ಮತ್ತೊಮ್ಮೆ ಆ ದೃಷ್ಟಿಯಿಂದ ನೋಡಲು ಹೇಳಿ, ಮತ್ತು ವರದಿಗಾಗಿ ಕಾಯದೆ ಬಲೆ ಹಾಕಿಸಿ. ಹಿಕ್ಕೆಯನ್ನು ಅಮ್ಮ ಗುಡಿಸುವುದು ಬೇಡ.

ಪ್ರಶ್ನೆ (ಹುಬ್ಬಳ್ಳಿಯಿಂದ):

ನನಗೆ ಸಾರ್ಕಾಯ್ಡೋಸಿಸ್ (ಶ್ವಾಸಕೋಶ, ಗ್ರಂಥಿಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆ) ಸಂಶಯವಿದೆ ಎಂದು ಎ.ಸಿ.ಇ. ಎಂಬ ರಕ್ತ ಪರೀಕ್ಷೆ ಮಾಡಿಸಿದರು, ಸಹಜ ಬಂದಿದೆ. ಬಿ.ಪಿ.ಗೆ ರಾಮಿಪ್ರಿಲ್ ತೆಗೆದುಕೊಳ್ಳುತ್ತೇನೆ.

ಉತ್ತರ:

ಆ ಮಾತ್ರೆ ಎ.ಸಿ.ಇ. ಎಂಬ ಕಿಣ್ವವನ್ನೇ ತಡೆಯುವಂಥದ್ದು. ಆದ್ದರಿಂದ ಅದನ್ನು ನುಂಗುತ್ತಿರುವಾಗ ಬಂದ ಸಹಜ ವರದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಮಾತ್ರೆಯಿಲ್ಲದಿದ್ದರೂ ಸಾರ್ಕಾಯ್ಡೋಸಿಸ್ ಇರುವ ಬಹಳ ಜನರಲ್ಲಿ ಇದು ಏರುವುದಿಲ್ಲ, ಬೇರೆ ಕಾಯಿಲೆಗಳಲ್ಲಿ ಏರುತ್ತದೆ. ಗ್ರಂಥಿಯಿಂದ ಸೂಜಿಯ ಮೂಲಕ ತುಣುಕು ತೆಗೆದು ಪರೀಕ್ಷಿಸುವ ಸಲಹೆ ಬಂದಿದ್ದರೆ ಈ ವರದಿಯ ಕಾರಣಕ್ಕೆ ಅದನ್ನು ಮುಂದೂಡಬೇಡಿ, ಏಕೆಂದರೆ ನಮ್ಮ ದೇಶದಲ್ಲಿ ಕ್ಷಯವನ್ನು ಬೇರ್ಪಡಿಸಲು ಅದೇ ಬೇಕಾಗುತ್ತದೆ. ರಕ್ತದ ಕ್ಯಾಲ್ಸಿಯಂ ನೋಡಿಸಿ, ವೈದ್ಯರನ್ನು ಕೇಳದೆ ವಿಟಮಿನ್ ಡಿ ತೆಗೆದುಕೊಳ್ಳಬೇಡಿ. ಒಣಕೆಮ್ಮಿದ್ದರೆ ಅದಕ್ಕೆ ರಾಮಿಪ್ರಿಲ್ ಕೂಡ ಕಾರಣವಾಗಿರಬಹುದು, ಬಿ.ಪಿ. ನೋಡುವ ವೈದ್ಯರಲ್ಲಿ ವಿಚಾರಿಸಿ.