ಮನೆ ಸಾಲದ ನೋಟಿಸ್ ಬಂದಿದೆ, 60 ದಿನ ಆದ ಮೇಲೆ ಹೊರಗೆ ಹಾಕುತ್ತಾರಾ?

ತುಮಕೂರಿನವ:
ಕೆಲಸ ಹೋಗಿ ಐದು ತಿಂಗಳಾಯ್ತು, ನಾಲ್ಕು ಕಂತು ಕಟ್ಟಿಲ್ಲ. ಈಗ ಬ್ಯಾಂಕಿನಿಂದ ಸರ್ಫೇಸಿ ಕಾಯ್ದೆಯ (ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ಪಡೆಯೋ ಕಾನೂನು) 13(2) ನೋಟಿಸ್ ಬಂದಿದೆ, 60 ದಿನದೊಳಗೆ ಸಾಲ ತೀರಿಸಿ ಅಂತ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಹಳೇ ಸಾಲಗಾರ:
ಗಾಬರಿ ಬೇಡ, ಆದರೆ ಸುಮ್ನೆ ಕೂರಬೇಡಿ. ನಾನು ನೋಟಿಸನ್ನು ಬೀರುವಿನಲ್ಲಿಟ್ಟು ಮರೆತವನು, ಅದೇ ದೊಡ್ಡ ತಪ್ಪು. ಆ 60 ದಿನದೊಳಗೆ ಆಕ್ಷೇಪಣೆ ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ, ಬ್ಯಾಂಕ್ ಅದನ್ನು ಒಪ್ಪದಿದ್ದರೆ 15 ದಿನದಲ್ಲಿ ಕಾರಣ ತಿಳಿಸಬೇಕು. ಆಮೇಲೆ ಸ್ವಾಧೀನದ ನೋಟಿಸ್ ಅಂಟಿಸಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.

ಲೆಕ್ಕದ ಅಕ್ಕ:
ಮೊದಲು ಮ್ಯಾನೇಜರನ್ನು ನೋಡಿ, ಅವಧಿ ಜಾಸ್ತಿ ಮಾಡಿ ಕಂತು ಇಳಿಸಿ ಅಂತ ಬರವಣಿಗೆಯಲ್ಲಿ ಕೇಳಿ. ಆ್ಯಪ್ ಸಾಲ ತೆಗೆದು ಕಂತು ಕಟ್ಟೋಕೆ ಮಾತ್ರ ಹೋಗಬೇಡಿ ಮಾರಾಯ್ರೇ.

ತುಮಕೂರಿನವ:
ವಸೂಲಿಯವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾರೆ. ದಿವಾಳಿ ಅರ್ಜಿ ಹಾಕಿದರೆ ಮನೆ ಉಳಿಯುತ್ತಾ?

ಹಳೇ ಸಾಲಗಾರ:
ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ರಿಸರ್ವ್ ಬ್ಯಾಂಕ್ ನಿಯಮ. ದಿವಾಳಿಗೆ 1920ರ ಕಾಯ್ದೆ ಇದೆ, ಜಿಲ್ಲಾ ಕೋರ್ಟಿಗೆ ಹೋಗಬೇಕು. ಆದರೆ ಅಡವಿಟ್ಟ ಮನೆಯ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತೆ. ಅಮ್ಮನಿಗೆ ಇವತ್ತೇ ಹೇಳಿ, ಬಾಗಿಲಿಗೆ ಅಂಟಿಸಿದ ಮೇಲೆ ಗೊತ್ತಾಗೋದು ಬೇಡ.