ಟೀಂ ಲೀಡ್ ಆಗಿ ಮೂರು ತಿಂಗಳು. ಗದರದೆ ತಂಡ ನಡೆಸಿದವರು ದಯವಿಟ್ಟು ಅನುಭವ ಹೇಳಿ

ಕೇಳಿದವರು

ಮೂರು ತಿಂಗಳ ಹಿಂದೆ ನನ್ನನ್ನು ಟೀಂ ಲೀಡ್ ಮಾಡಿದರು. ಒಂಬತ್ತು ಜನರ ತಂಡ. ಅವರಲ್ಲಿ ಇಬ್ಬರು ವಯಸ್ಸಿನಲ್ಲೂ ಸರ್ವೀಸಿನಲ್ಲೂ ನನಗಿಂತ ಹಿರಿಯರು. ಒಬ್ಬರಂತೂ ನಾನು ಹೊಸದಾಗಿ ಸೇರಿದಾಗ ಕೈಹಿಡಿದು ಕೆಲಸ ಕಲಿಸಿದವರು. ನಾಲ್ಕು ಜನ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ.

ನನ್ನ ಹಿಂದಿನ ಬಾಸ್ ದನಿ ಏರಿಸಿದರೆ ಇಡೀ ಫ್ಲೋರ್ ತಣ್ಣಗಾಗುತ್ತಿತ್ತು. ಕೆಲಸವೂ ಆಗುತ್ತಿತ್ತು, ಅದನ್ನು ಒಪ್ಪಲೇಬೇಕು. ನನಗೆ ಹಾಗಿರಲು ಬರುವುದಿಲ್ಲ, ಮನಸ್ಸೂ ಇಲ್ಲ. ಕಳೆದ ವಾರ ಒಂದು ಕೆಲಸ ಹತ್ತು ದಿನ ಹಿಂದೆ ಬಿತ್ತು. ಹೀಗಾಗುತ್ತದೆ ಎಂದು ತಂಡದ ಇಬ್ಬರಿಗೆ ಮೊದಲೇ ಗೊತ್ತಿತ್ತಂತೆ. ನನಗೆ ಗೊತ್ತಾದದ್ದು ಕೊಡಬೇಕಾದ ದಿನ ಬೆಳಿಗ್ಗೆ. ಮೇಲಿನವರು ಕರೆದು, "ನೀವು ತುಂಬಾ ಮೆತ್ತಗೆ. ಹೀಗಾದರೆ ತಂಡ ಹಿಡಿತಕ್ಕೆ ಸಿಗಲ್ಲ" ಅಂದರು.

ಈಗ ಲೀಡರ್ ಅಂದರೆ ಯಾರು? ಎಲ್ಲ ಬಲ್ಲವರಾ? ಎಲ್ಲರನ್ನೂ ಕೇಳಿ ನಡೆಯುವವರಾ? ಹಿರಿಯರಿಗೆ "ಇದು ಸರಿಯಾಗಿಲ್ಲ" ಎಂದು ಹೇಳುವುದು ಹೇಗೆ? ನೀವು ಏನು ಮಾಡಿದಿರಿ ಎಂಬುದನ್ನು ಹೇಳಿದರೆ ಉಪಕಾರವಾಗುತ್ತದೆ.

ವಾರ್ಡ್ ಇನ್‌ಚಾರ್ಜ್, 19 ವರ್ಷದ ಸರ್ವೀಸ್

ಕೆಲಸ ತಡವಾದದ್ದನ್ನು ಸ್ವಲ್ಪ ಬದಿಗಿಡಿ, ಅದು ಎಲ್ಲ ಕಡೆ ಆಗುವಂಥದ್ದೇ. ಇಬ್ಬರಿಗೆ ಗೊತ್ತಿದ್ದೂ ನಿಮ್ಮ ತನಕ ಬರಲಿಲ್ಲವಲ್ಲ, ಮೊದಲು ಅದನ್ನು ನೋಡಿ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಅಧ್ಯಯನ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇದ್ದೀತು ಎಂಬ ನಿರೀಕ್ಷೆ ಅವರದ್ದು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ಇನ್‌ಚಾರ್ಜ್ ಇದ್ದ ತಂಡಗಳಲ್ಲೇ ದಾಖಲಾದ ತಪ್ಪು ಹೆಚ್ಚು. ಅಲ್ಲಿನವರು ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು ಎಂಬುದು ಆಮೇಲೆ ಅವರಿಗೆ ಹೊಳೆಯಿತು. "ಮಾನಸಿಕ ಸುರಕ್ಷತೆ" (ತಪ್ಪನ್ನೋ ಅನುಮಾನವನ್ನೋ ಹೆದರದೆ ಹೇಳಬಹುದು ಎಂಬ ಭರವಸೆ) ಎಂದು ಈಗ ಎಲ್ಲ ಟ್ರೈನಿಂಗ್‌ನಲ್ಲೂ ಕೇಳಿಬರುವ ಮಾತಿಗೆ 1999ರಲ್ಲಿ ಅವರು ಬರೆದ ಲೇಖನವೇ ದೊಡ್ಡ ಆಧಾರ.

ನನ್ನ ವಾರ್ಡಿನ ಕಥೆ ಹೇಳುತ್ತೇನೆ. ಹೊಸ ಹುಡುಗಿಯೊಬ್ಬಳು ರಾತ್ರಿ ಪಾಳಿಯಲ್ಲಿ ತಪ್ಪು ಡೋಸ್ ತುಂಬಿಕೊಂಡಿದ್ದಳು. ರೋಗಿಯ ಹತ್ತಿರ ಹೋಗಿ ಮತ್ತೊಮ್ಮೆ ನೋಡಿದಾಗ ಗೊತ್ತಾಗಿ ನಿಲ್ಲಿಸಿದಳು. ಯಾರಿಗೂ ಏನೂ ಆಗಲಿಲ್ಲ, ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಬೆಳಿಗ್ಗೆ ಅಳುತ್ತಾ ಬಂದು ಹೇಳಿದಳು. ಹತ್ತು ವರ್ಷದ ಹಿಂದಿನ ನಾನಾಗಿದ್ದರೆ "ಕಣ್ಣು ಎಲ್ಲಿತ್ತು?" ಎನ್ನುತ್ತಿದ್ದೆ. ಅವತ್ತು "ಹೇಳಿದ್ದು ಒಳ್ಳೆಯದಾಯಿತು, ಯಾವ ಬಾಟಲಿ, ತೋರಿಸು" ಅಂದೆ. ನೋಡಿದರೆ ಎರಡು ಔಷಧಿಗಳ ಬಾಟಲಿ ಒಂದೇ ಗಾತ್ರ, ಒಂದೇ ಬಣ್ಣದ ಲೇಬಲ್, ಒಂದೇ ಕಪಾಟು. ಆ ದಿನವೇ ಜಾಗ ಬದಲಿಸಿದೆವು. ಬೈದಿದ್ದರೆ ಬಾಟಲಿಗಳು ಅಲ್ಲೇ ಇರುತ್ತಿದ್ದವು, ಮುಂದಿನ ಸಲ ಯಾರಾದರೂ ಗಮನಿಸದೆ ಹೋಗಿರುತ್ತಿದ್ದರು.

ಆ ಇಬ್ಬರನ್ನು ಬೇರೆಬೇರೆಯಾಗಿ ಕೂರಿಸಿಕೊಂಡು ಕೇಳಿ. ಆದರೆ "ಯಾಕೆ ಹೇಳಲಿಲ್ಲ?" ಎನ್ನಬೇಡಿ, ಅದು ವಿಚಾರಣೆಯಾಗುತ್ತದೆ. "ಹೇಳುವುದಕ್ಕೆ ಏನು ಅಡ್ಡ ಬಂತು?" ಅನ್ನಿ.

ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್

ಇನ್‌ಚಾರ್ಜ್ ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯದನ್ನೂ ಸೇರಿಸುತ್ತೇನೆ. ಟೊಯೋಟಾ ಕಾರ್ಖಾನೆಗಳಲ್ಲಿ ಗಾಡಿ ಜೋಡಿಸುವ ಲೈನ್ ಉದ್ದಕ್ಕೂ ಒಂದು ಹಗ್ಗ (ಈಗ ಹಲವು ಕಡೆ ಬಟನ್) ಇರುತ್ತದೆ, ಆಂಡಾನ್ ಹಗ್ಗ ಎನ್ನುತ್ತಾರೆ. ಏನೋ ಸರಿಯಿಲ್ಲ ಅನ್ನಿಸಿದರೆ ಯಾವ ಕೆಲಸಗಾರನಾದರೂ ಎಳೆಯಬಹುದು. ಎಳೆದ ತಕ್ಷಣ ಲೈನ್ ನಿಲ್ಲುವುದಿಲ್ಲ. ದೀಪ ಹೊತ್ತಿಕೊಳ್ಳುತ್ತದೆ, ಟೀಂ ಲೀಡರ್ ಓಡಿ ಬರುತ್ತಾನೆ. ಗಾಡಿ ಆ ಸ್ಟೇಷನ್ ದಾಟುವುದರೊಳಗೆ ಇಬ್ಬರೂ ಸೇರಿ ಸರಿಮಾಡಿದರೆ ಆಯಿತು, ಇಲ್ಲದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ಅಂದರೆ ಅಲ್ಲಿ ಲೀಡರ್ ಅನ್ನಿಸಿಕೊಂಡವನ ಕೆಲಸವೇ ಕರೆದಾಗ ಬರುವುದು.

ನಾನು ಮೊದಲು ಇದ್ದ ಕಾರ್ಖಾನೆಯಲ್ಲೂ ಇದನ್ನು ನೋಡಿ ಬಂದು ಹಗ್ಗ ಕಟ್ಟಿಸಿದರು. ತಿಂಗಳುಗಟ್ಟಲೆ ಯಾರೂ ಮುಟ್ಟಲಿಲ್ಲ. ಮೊದಲ ಸಲ ಎಳೆದವನಿಗೆ "ಇಷ್ಟಕ್ಕೆಲ್ಲ ಎಳೀತಾರಾ?" ಅಂದಿದ್ದರು, ಎಲ್ಲರೂ ಕೇಳಿಸಿಕೊಂಡಿದ್ದರು. ಆ ಒಂದು ಮಾತಿನ ಮೇಲೆ ಹಗ್ಗ ಇದ್ದೂ ಇಲ್ಲದಂತಾಯಿತು. ಹೊಸ ಮ್ಯಾನೇಜರ್ ಬಂದ ಮೇಲೆ, ಹಗ್ಗ ಎಳೆದವರ ಹತ್ತಿರ ತಾನೇ ನಡೆದು ಹೋಗಿ ಮೊದಲು ಥ್ಯಾಂಕ್ಸ್ ಹೇಳುತ್ತಿದ್ದರು, ಆಮೇಲೆ ಸಮಸ್ಯೆ ಕೇಳುತ್ತಿದ್ದರು. ಸುಳ್ಳು ಎಚ್ಚರಿಕೆಯಾದಾಗಲೂ ಹಾಗೇ. ನಂಬಿಕೆ ಹುಟ್ಟಲು ಸುಮಾರು ಅರ್ಧ ವರ್ಷ ಬೇಕಾಯಿತು. ನಿಮಗೆ ಮೂರು ತಿಂಗಳಷ್ಟೇ ಆಗಿದೆ, ಧೈರ್ಯ ಬಿಡಬೇಡಿ.

ಆ ಹಿರಿಯರ ಜಾಗದಲ್ಲಿ ಇದ್ದವನು

ನೋಡಮ್ಮ, ನಿನ್ನ ತಂಡದ ಆ ಹಿರಿಯರ ಪರವಾಗಿ ನಾನು ಮಾತಾಡುತ್ತೇನೆ. ನನಗೆ 54 ಆಗಿದ್ದಾಗ 31ರ ಹೆಣ್ಣುಮಗಳು ನನ್ನ ಮೇಲೆ ಲೀಡ್ ಆಗಿ ಬಂದಳು. ಆ ಹುದ್ದೆ ನನಗೆ ಸಿಗುತ್ತದೆ ಎಂದುಕೊಂಡಿದ್ದೆ. ಹೊಟ್ಟೆಯೊಳಗೆ ಕುದಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಎರಡನೇ ದಿನ ಅವರು ನನ್ನ ಟೇಬಲ್ ಹತ್ತಿರ ಬಂದು ಕೂತು, "ಸಾರ್, ಈ ಹುದ್ದೆಗೆ ನೀವೂ ಇದ್ದಿರಿ ಅಂತ ನನಗೆ ಗೊತ್ತು. ಅದನ್ನು ಮಾತಾಡದೆ ನಾವಿಬ್ಬರೂ ಕೆಲಸ ಮಾಡಿದರೆ ಅದು ಮಧ್ಯೆ ಕೂತೇ ಇರುತ್ತೆ" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆದರೆ ಅರ್ಧ ಭಾರ ಅಲ್ಲೇ ಇಳಿಯಿತು. ಆಮೇಲೆ, "ಹಳೆಯ ಗ್ರಾಹಕರ ವಿಷಯದಲ್ಲಿ ನೀವು ಬೇಡ ಅಂದರೆ ನಾನು ಮುಂದೆ ಹೋಗಲ್ಲ. ವೇಳಾಪಟ್ಟಿ ವಿಷಯದಲ್ಲಿ ನಾನು ಹೇಳಿದ್ದನ್ನು ನೀವು ಕೇಳಬೇಕು" ಅಂದರು. ಮರ್ಯಾದೆ ಕೊಡುತ್ತಾ ಗೆರೆಯನ್ನೂ ಎಳೆದರು.

ಒಂದು ದಿನ ಮೀಟಿಂಗಿನಲ್ಲಿ ನಾನು ಅವರ ಮಾತನ್ನು ಅರ್ಧಕ್ಕೆ ತುಂಡರಿಸಿದೆ. ಎಲ್ಲರೆದುರು ಅವರು ಏನೂ ಅನ್ನಲಿಲ್ಲ. ಸಂಜೆ ಒಬ್ಬನನ್ನೇ ಕರೆದು, "ನೀವು ಹೇಳಿದ ವಿಷಯ ಸರಿ ಇತ್ತು, ಹೇಳಿದ ರೀತಿ ಸರಿ ಇರಲಿಲ್ಲ. ನಿಮ್ಮನ್ನು ನೋಡಿ ಚಿಕ್ಕವರು ಕಲಿಯುತ್ತಾರೆ" ಅಂದರು. ದನಿ ಏರಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ಮತ್ತೆಂದೂ ನಾನು ಹಾಗೆ ಮಾಡಲಿಲ್ಲ.

ನಿನಗೆ ಕೆಲಸ ಕಲಿಸಿದವರು ಅಂದೆಯಲ್ಲ, ಅವರಿಗೆ ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿದ್ದೀಯಾ? ಹೇಳು. ಆಮೇಲೆ ತಪ್ಪನ್ನೂ ಹೇಳು. ನಾವು ಹಿರಿಯರಿಗೆ ಗದರಿಕೆಗಿಂತ ನೋವು ಕೊಡುವುದು ಯಾವುದು ಗೊತ್ತಾ? ನಮ್ಮ ತಪ್ಪನ್ನು ನಮಗೆ ಹೇಳಲು ಹೆದರಿ, ಕೆಲಸವನ್ನು ಸದ್ದಿಲ್ಲದೆ ಬೇರೆಯವರಿಗೆ ದಾಟಿಸುವುದು.

ವಿಮಾನಯಾನ ತರಬೇತಿ ವಿಭಾಗದಿಂದ

ಹಿರಿತನದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಮಂಜಿನಲ್ಲಿ ಡಿಕ್ಕಿಯಾಗಿ 583 ಜನ ಸತ್ತರು. ಟೇಕ್‌ಆಫ್‌ಗೆ ಹೊರಟಿದ್ದ ವಿಮಾನದ ಕ್ಯಾಪ್ಟನ್ ತನ್ನ ಸಂಸ್ಥೆಯಲ್ಲೇ ಹೆಸರಾಂತ ತರಬೇತುದಾರ. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೋ ಇಲ್ಲವೋ ಎಂಬ ಅನುಮಾನ ಅವರ ಜೊತೆಗೇ ಕಾಕ್‌ಪಿಟ್‌ನಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ಬಂತು, ಕೇಳಿದರು ಕೂಡ. ಕ್ಯಾಪ್ಟನ್ ಖಚಿತವಾಗಿ ಬಿಟ್ಟಿದೆ ಅಂದರು. ಎಂಜಿನಿಯರ್ ಮತ್ತೆ ಒತ್ತಿ ಕೇಳಲಿಲ್ಲ.

ಇಂಥ ಅಪಘಾತಗಳಿಂದಲೇ ಕಾಕ್‌ಪಿಟ್‌ನ ತರಬೇತಿ ಬದಲಾಯಿತು. ಕಿರಿಯರಿಗೆ ಒತ್ತಿ ಹೇಳುವುದನ್ನು, ಕ್ಯಾಪ್ಟನ್‌ಗಳಿಗೆ ಕೇಳಿಸಿಕೊಳ್ಳುವುದನ್ನು ಕಲಿಸಲು ಶುರುಮಾಡಿದರು. ಕೊನೆಯ ನಿರ್ಧಾರ ಇವತ್ತಿಗೂ ಕ್ಯಾಪ್ಟನ್‌ದೇ. ನಿಮ್ಮ ಮೇಲಿನವರು ಕೇಳುತ್ತಿರುವ "ಹಿಡಿತ" ಇದರಿಂದ ಒಂದಿಷ್ಟೂ ಸಡಿಲವಾಗುವುದಿಲ್ಲ ಎಂದು ಅವರಿಗೆ ಹೇಳಬಹುದು.

ಎಲ್ಲರನ್ನೂ ಕೇಳಿ ಸೋತವಳು

ಇಲ್ಲಿ ಎಲ್ಲರೂ ಕೇಳಿಸಿಕೊಳ್ಳಿ ಅನ್ನುತ್ತಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ನಾನು ಅದನ್ನೇ ಅತಿ ಮಾಡಿದೆ. ಪ್ರತಿಯೊಂದಕ್ಕೂ ಮೀಟಿಂಗ್ ಕರೆದು ಎಲ್ಲರ ಅಭಿಪ್ರಾಯ ಕೇಳುತ್ತಿದ್ದೆ. ಇಬ್ಬರು ಒಪ್ಪದಿದ್ದರೆ ಮತ್ತೊಂದು ಮೀಟಿಂಗ್. ನಾಲ್ಕನೇ ತಿಂಗಳು ತಂಡದ ಒಬ್ಬಳು ಬಂದು, "ಅಕ್ಕ, ನೀವೇ ಒಂದು ಹೇಳಿಬಿಡಿ. ಯಾವುದಾದರೂ ಆಗಬಹುದು, ನಮಗೆ ಕೆಲಸ ಶುರುಮಾಡಬೇಕು" ಅಂದಳು. ನಾನು ಕೇಳುತ್ತಿದ್ದದ್ದು ಅವರ ಮೇಲಿನ ಗೌರವಕ್ಕಿಂತ ಹೆಚ್ಚಾಗಿ ನನ್ನ ಹೆದರಿಕೆಗೆ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಒಂದು ಹಾಳೆ ಮಾಡಿ ಎಲ್ಲರಿಗೂ ಕಾಣುವಂತೆ ಹಾಕಿದೆ. ಯಾವುದನ್ನು ಅವರವರೇ ನಿರ್ಧರಿಸಿ ನನಗೆ ತಿಳಿಸಿದರೆ ಸಾಕು, ಯಾವುದರಲ್ಲಿ ನಾನು ಎಲ್ಲರ ಮಾತು ಕೇಳಿ ನಿರ್ಧರಿಸುತ್ತೇನೆ, ಯಾವುದು ಮೇಲಿನಿಂದ ಬಂದದ್ದು, ಚರ್ಚೆಗೆ ಅವಕಾಶವಿಲ್ಲ. ಮೂರನೆಯದನ್ನು ಮುಚ್ಚುಮರೆ ಇಲ್ಲದೆ ಬರೆದದ್ದೇ ಒಳ್ಳೆಯದಾಯಿತು. ಮೊದಲೇ ತೀರ್ಮಾನವಾದದ್ದನ್ನು ಸುಮ್ಮನೆ ಅಭಿಪ್ರಾಯ ಕೇಳುವ ಶಾಸ್ತ್ರ ಮಾಡಿದರೆ ಜನರಿಗೆ ತಕ್ಷಣ ತಿಳಿಯುತ್ತದೆ.

ಮೆತ್ತನೆಯ ಲೀಡ್ ಕೈಕೆಳಗೆ ಇದ್ದವನು

ಚಿಕ್ಕದಾಗಿ ಹೇಳುತ್ತೇನೆ. ನನ್ನ ಲೀಡ್ ತುಂಬಾ ಒಳ್ಳೆಯವರು, ಎರಡು ವರ್ಷ ಒಂದು ಕಟು ಮಾತಾಡಲಿಲ್ಲ. ಅಪ್ರೈಸಲ್‌ನಲ್ಲಿ ನನ್ನ ರಿಪೋರ್ಟ್‌ಗಳು ಮೊದಲಿನಿಂದಲೂ ಸಾಲದು ಎಂದು ಬರೆದಿತ್ತು. ಮೊದಲ ತಿಂಗಳೇ ಹೇಳಿದ್ದರೆ ನಾನು ಕಲಿಯುತ್ತಿದ್ದೆ. ಎರಡು ವರ್ಷ ಹೋಯಿತು. ಗೂಗಲ್ 2008ರಿಂದ ತನ್ನ ಮ್ಯಾನೇಜರ್‌ಗಳ ಬಗ್ಗೆ ಅಧ್ಯಯನ ನಡೆಸಿದಾಗ ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳ ಪಟ್ಟಿಯಲ್ಲಿ ಮೊದಲು ಬಂದದ್ದು ಚೆನ್ನಾಗಿ ತರಬೇತಿ ಕೊಡುವುದು, ಕೊನೆಗೆ ಬಂದದ್ದು ತಾಂತ್ರಿಕ ಪರಿಣತಿ. ಹಾಗಾಗಿ ಎಲ್ಲ ಬಲ್ಲವರಾಗಬೇಕೆಂಬ ಚಿಂತೆ ಬಿಡಿ. ಆದರೆ ತರಬೇತಿ ಕೊಡುವವರು ತಪ್ಪು ಕಂಡ ದಿನವೇ ಹೇಳುತ್ತಾರೆ.

ದೂರದಿಂದ ತಂಡ ನಡೆಸುವವರು

ಮನೆಯಿಂದ ಕೆಲಸ ಮಾಡುವವರ ಹೆಸರಿನ ಪಕ್ಕ ಚಾಟ್‌ನಲ್ಲಿ ಹಸಿರು ಚುಕ್ಕಿ (ಆನ್‌ಲೈನ್ ಇದ್ದಾರೆ ಎಂಬ ಗುರುತು) ಇದೆಯಾ ಎಂದು ನೋಡುತ್ತಾ ಕೂರಬೇಡಿ. ಯಾವ ದಿನಕ್ಕೆ ಏನು ಮುಗಿಯಬೇಕು ಎಂದು ಇಬ್ಬರೂ ಒಪ್ಪಿ ಬರೆದಿಡಿ, ಅದನ್ನಷ್ಟೇ ಕೇಳಿ. ಆಫೀಸಿನ ಕಾರಿಡಾರ್‌ನಲ್ಲಿ ಆದ ತೀರ್ಮಾನವನ್ನು ಅದೇ ದಿನ ಎಲ್ಲರಿಗೂ ಬರೆದು ಕಳಿಸಿ. ಇಲ್ಲದಿದ್ದರೆ ದೂರ ಇರುವವರು ಎರಡನೇ ದರ್ಜೆಯವರಾಗುತ್ತಾರೆ, ಅಂಥವರು ಕೆಟ್ಟ ಸುದ್ದಿ ಹೇಳಲು ಮುಂದೆ ಬರುವುದಿಲ್ಲ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಮನಸಾರೆ ವಂದನೆ. ಮೊದಲು ನನಗೆ ಕೆಲಸ ಕಲಿಸಿದ ಹಿರಿಯರ ಹತ್ತಿರ ಹೋದೆ. ಅವರು ಕಲಿಸಿದ್ದನ್ನು ನೆನಪಿಸಿದೆ. ಆಮೇಲೆ ಅವರ ಭಾಗದ ಕೆಲಸದಲ್ಲಿ ಮತ್ತೆಮತ್ತೆ ಬಿಟ್ಟುಹೋಗುತ್ತಿದ್ದ ಒಂದು ಪರೀಕ್ಷೆಯ ವಿಷಯ ಎತ್ತಿದೆ. ದನಿ ನಡುಗಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ಯಾಕೆ ಕಾದೆ?" ಎಂದು ಕೇಳಿದರು.

ಕೆಲಸ ತಡವಾಗುತ್ತದೆ ಎಂದು ಮೊದಲೇ ಗೊತ್ತಿದ್ದ ಆ ಇಬ್ಬರಲ್ಲಿ ಒಬ್ಬರು ಹೇಳಿದ ಉತ್ತರ ಮಾತ್ರ ಇನ್ನೂ ಮನಸ್ಸಿನಲ್ಲಿದೆ. ಅಡ್ಡ ಬಂದದ್ದು ನಾನೇ ಅಂತೆ. ಪ್ರತಿ ಸೋಮವಾರ "ಎಲ್ಲ ಸರಿಯಾಗಿದೆ ಅಲ್ವಾ?" ಎಂದು ಕೇಳುತ್ತಿದ್ದೆ, ಹೌದು ಅನ್ನುವುದು ಬಿಟ್ಟು ಬೇರೆ ಉತ್ತರಕ್ಕೆ ಅಲ್ಲಿ ಜಾಗ ಇರಲಿಲ್ಲವಂತೆ. ಈ ಸೋಮವಾರ "ಈ ವಾರ ಯಾವುದು ಹಿಂದೆ ಬೀಳಬಹುದು?" ಎಂದು ಕೇಳಿದೆ. ಮೂರು ವಿಷಯ ಹೊರಬಂದವು. ಎರಡನ್ನು ಅಲ್ಲೇ ಬಗೆಹರಿಸಿದೆವು. ಮೂರನೆಯದನ್ನು ಬರೆದುಕೊಂಡು ನಾಳೆ ಬೆಳಿಗ್ಗೆ ಮೇಲಿನವರ ಹತ್ತಿರ ಹೋಗುತ್ತಿದ್ದೇನೆ. ಕೊಡಬೇಕಾದ ದಿನಕ್ಕೆ ಇನ್ನೂ ಹನ್ನೆರಡು ದಿನ ಇದೆ.