18 ತುಂಬಿದ ಮೇಲೆ ಬಾಲಮಂದಿರದ ಹುಡುಗಿ ಎಲ್ಲಿಗೆ ಹೋಗಬೇಕು?

ಭಾನುವಾರದ ಟೀಚರ್:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಭಾನುವಾರ ಒಂದು ಬಾಲಕಿಯರ ಬಾಲಮಂದಿರಕ್ಕೆ (ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ಸರ್ಕಾರದ ಮನೆ) ಹೋಗಿ ಲೆಕ್ಕ ಹೇಳಿಕೊಡುತ್ತಿದ್ದೇನೆ. ಅಲ್ಲಿ ಒಬ್ಬ ಹುಡುಗಿ ಸೆಕೆಂಡ್ ಪಿಯುಸಿ ಕಾಮರ್ಸ್ ಪಾಸಾಗಿದ್ದಾಳೆ, 76 ಪರ್ಸೆಂಟ್. ಇನ್ನು ಮೂರು ತಿಂಗಳಿಗೆ ಅವಳಿಗೆ 18 ತುಂಬುತ್ತದೆ. ಆಮೇಲೆ ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ರಾಣೆಬೆನ್ನೂರಿನಲ್ಲಿ ಚಿಕ್ಕಮ್ಮ ಇದ್ದಾರಲ್ಲ, ಅಲ್ಲಿಗೆ ಕಳಿಸುತ್ತೇವೆ ಅಂತ ಹೇಳಿದ್ದಾರೆ. ಆ ಚಿಕ್ಕಮ್ಮ ಆರು ವರ್ಷದಲ್ಲಿ ಒಂದು ಸಲವೂ ನೋಡಲು ಬಂದಿಲ್ಲ. ಹುಡುಗಿಗೆ ಬಿ.ಕಾಂ ಓದುವ ಆಸೆ. ಮೊನ್ನೆ ಕ್ಲಾಸ್ ಮುಗಿದು ಎಲ್ಲರೂ ಎದ್ದು ಹೋದರೂ ಇವಳು ಕೂತೇ ಇದ್ದಳು, "ಮಿಸ್, ಈ ಸಲ ಬರ್ತ್‌ಡೇ ಬರದೇ ಇದ್ದರೆ ಚೆನ್ನಾಗಿತ್ತು" ಅಂದಳು. ನಮ್ಮ ಮನೆಯಲ್ಲೇ ಇಟ್ಟುಕೊಳ್ಳೋಣ ಅಂದರೆ ಒಂದೇ ರೂಮು, ಅತ್ತೆ ಮಾವನೂ ಜೊತೆಗಿದ್ದಾರೆ. ಇಂಥ ಮಕ್ಕಳಿಗೆ ಸರ್ಕಾರದಿಂದ ಇರುವ ಜಾಗ, ಸಹಾಯ ಏನಾದರೂ ಇದೆಯಾ? ಯಾರನ್ನು ಕೇಳಬೇಕು?

ಪೀಣ್ಯದ ಹುಡುಗ:
ಮೇಡಂ, ನಾನೂ ಬಾಲಮಂದಿರದವನೇ. ಈಗ 26 ವಯಸ್ಸು, ಪೀಣ್ಯದ ಕಾರ್ಖಾನೆಯಲ್ಲಿ ಸಿಎನ್‌ಸಿ ಮಷಿನ್ ಆಪರೇಟರ್. ನನಗೆ 18 ಆದ ದಿನ ಒಂದು ಟ್ರಂಕು, ಮಾರ್ಕ್ಸ್ ಕಾರ್ಡು, 500 ರೂಪಾಯಿ ಕೊಟ್ಟು ಕಳಿಸಿದರು. ನಮ್ಮ ಊರಿನ ಮಾವ ಎರಡು ವಾರ ಇಟ್ಟುಕೊಂಡ, ಆಮೇಲೆ ಅತ್ತೆ ಮಾತಾಡುವುದನ್ನೇ ಬಿಟ್ಟರು, ನಾನೇ ಅರ್ಥ ಮಾಡಿಕೊಂಡು ಬೆಂಗಳೂರಿನ ಬಸ್ ಹತ್ತಿದೆ. ಹನ್ನೊಂದು ರಾತ್ರಿ ಮೆಜೆಸ್ಟಿಕ್‌ನಲ್ಲಿ ಮಲಗಿದ್ದೇನೆ. ಟ್ರಂಕು ಕಳ್ಳತನ ಆಗಬಾರದು ಅಂತ ಕಾಲಿಗೆ ಹಗ್ಗ ಕಟ್ಟಿಕೊಂಡು ಮಲಗುತ್ತಿದ್ದೆ. ಕೆಲಸ ಸಿಕ್ಕಿದ ಮೇಲೂ ರೂಮು ಸಿಗಲಿಲ್ಲ, ಅಪ್ಪನ ನಂಬರ್ ಕೊಡು ಅನ್ನುತ್ತಾರೆ, ಎಲ್ಲಿಂದ ಕೊಡಲಿ? ಕೊನೆಗೆ ನಮ್ಮ ಬಾಲಮಂದಿರದವರೇ ಆದ ಮೂರು ಜನ ಹುಡುಗರು ಲಗ್ಗೆರೆಯಲ್ಲಿ ಒಂದು ಶೀಟಿನ ಮನೆ ಮಾಡಿದ್ದರು, ಅಲ್ಲಿ ಸೇರಿಕೊಂಡೆ. ಜ್ವರ ಬಂದರೆ ಗಂಜಿ ಮಾಡಿಕೊಡುವವರು ಇದ್ದರು, ಸಂಬಳ ಪೂರ್ತಿ ಖರ್ಚು ಮಾಡಿದರೆ ಬೈಯುವವರೂ ಇದ್ದರು. ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಅವಳನ್ನು ಒಂಟಿಯಾಗಿ ಮಾತ್ರ ಕಳಿಸಬೇಡಿ ಮೇಡಂ.

ಮಾಜಿ ಕೇಸ್ ವರ್ಕರ್:
ಟೀಚರ್ ಅವರೇ, ಮೂರು ತಿಂಗಳು ಇದೆ ಅಂದಿರಲ್ಲ, ಅದೇ ದೊಡ್ಡದು. ಮುಂದಿನ ವಾರವೇ ಕೆಲಸ ಶುರು ಮಾಡಿ. ಬಾಲನ್ಯಾಯ ಕಾಯ್ದೆ 2015ರ 46ನೇ ಸೆಕ್ಷನ್‌ನಲ್ಲಿ, ಸಂಸ್ಥೆಯಿಂದ 18ಕ್ಕೆ ಹೊರಬರುವವರಿಗೆ ಹಣದ ಸಹಾಯ ಕೊಡಬಹುದು ಅಂತ ಇದೆ. "ಕೊಡಬಹುದು" ಅಂತ ಇರುವುದರಿಂದ ಕೇಳದೇ ಇದ್ದವರಿಗೆ ಏನೂ ಬರುವುದಿಲ್ಲ. ಇದು 21 ವರ್ಷದ ತನಕ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ. 2016ರ ಮಾದರಿ ನಿಯಮಗಳ ಪ್ರಕಾರ ಬಿಡುಗಡೆಗೆ ಎರಡು ತಿಂಗಳು ಮೊದಲೇ ಮುಂದಿನ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ (ಇಂಥ ಮಕ್ಕಳು ಎಲ್ಲಿರಬೇಕು ಅಂತ ಆದೇಶ ಮಾಡುವ ಜಿಲ್ಲೆಯ ಸಮಿತಿ) ಕೊಡಬೇಕು. ಅದು ಆಗಿದೆಯಾ ಅಂತ ಸೂಪರಿಂಟೆಂಡೆಂಟ್ ಹತ್ತಿರ ಕೇಳಿ. ಆಗಿಲ್ಲ ಅಂದರೆ ಹುಡುಗಿಯ ಕೈಯಲ್ಲೇ ಸಮಿತಿಗೆ ಒಂದು ಅರ್ಜಿ ಬರೆಸಿ, ಇನ್ನೊಂದು ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಚಿಕ್ಕಮ್ಮನ ಮನೆ ಬೇಡ, ಓದಬೇಕು ಅಂತ ಅದರಲ್ಲಿ ಅವಳೇ ಬರೆಯಲಿ.

ಮಕ್ಕಳ ರಕ್ಷಣೆಗೆ ಅಂತ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಹೀಗೆ ಹೊರಬರುವವರಿಗೆ ತಿಂಗಳಿಗೆ 4000 ರೂಪಾಯಿ ಇದೆ. ಅದು ಪಿಜಿಗೆ ಸಾಲುವುದಿಲ್ಲ, ನಿಜ. ಪೀಣ್ಯದ ತಮ್ಮ ಹೇಳಿದ ಮನೆ ಇದೆಯಲ್ಲ, ನಿಯಮದಲ್ಲಿ ಅದೇ ಇದೆ: ಆರರಿಂದ ಎಂಟು ಜನ ಸೇರಿ ಸ್ವಲ್ಪ ಕಾಲ ಇರುವ ಗುಂಪು ಮನೆ, ಆಗಾಗ ಬಂದು ಮಾತಾಡುವ ಒಬ್ಬ ಕೌನ್ಸೆಲರ್, ಸ್ವಲ್ಪ ದುಡ್ಡು ಉಳಿಸಿಕೊಂಡ ಮೇಲೆ ಸ್ವಂತ ಜಾಗಕ್ಕೆ ಹೋಗುವುದು. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ನಾನು ಕೆಲಸ ಮಾಡಿದ ಕಡೆ ಅಂಥ ಒಂದು ಮನೆಯೂ ಇರಲಿಲ್ಲ, ಅದು ನನಗೆ ಇವತ್ತಿಗೂ ನೋವು. ಹೆಣ್ಣುಮಕ್ಕಳನ್ನು ಸಾಮಾನ್ಯವಾಗಿ ರಾಜ್ಯ ಮಹಿಳಾ ನಿಲಯಕ್ಕೆ, ಅಂದರೆ ಆಸರೆ ಇಲ್ಲದ ಹೆಂಗಸರಿಗಾಗಿ ಸರ್ಕಾರ ನಡೆಸುವ ಮನೆಗೆ ಕಳಿಸುತ್ತಾರೆ. ಊಟ, ಸೂರು ಗಟ್ಟಿ. ಆದರೆ ದಿನಾ ಕಾಲೇಜಿಗೆ ಹೋಗಿ ಬರಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಪೋಸ್ಟ್ ಮೆಟ್ರಿಕ್ ಹಾಸ್ಟೆಲ್‌ಗೂ (ಎಸ್ಸೆಸ್ಸೆಲ್ಸಿ ಆದ ಮೇಲೆ ಓದುವವರ ಸರ್ಕಾರಿ ಹಾಸ್ಟೆಲ್) ಅರ್ಜಿ ಹಾಕಿ. ಒಂದೇ ತೊಂದರೆ, ರಜೆಯಲ್ಲಿ ಹಾಸ್ಟೆಲ್ ಖಾಲಿ ಮಾಡಿಸುತ್ತಾರೆ, ಉಳಿದವರೆಲ್ಲ ಊರಿಗೆ ಹೋಗುತ್ತಾರೆ, ಈ ಮಕ್ಕಳು ಎಲ್ಲಿಗೆ ಹೋಗಬೇಕು? ರಜೆಯಲ್ಲಿ ಎಲ್ಲಿ ಇರುತ್ತಾಳೆ ಅನ್ನುವುದೂ ಯೋಜನೆಯಲ್ಲಿ ಬರಬೇಕು.

ಮಂಜುಳಕ್ಕ:
ನಾನು ಮೈಸೂರಿನಲ್ಲಿ ಹುಡುಗಿಯರ ಪಿಜಿ ನಡೆಸುತ್ತೇನೆ. ಅಪ್ಪನ ನಂಬರ್ ಕೇಳುವವರಲ್ಲಿ ನಾನೂ ಒಬ್ಬಳು, ಪೀಣ್ಯದ ತಮ್ಮನ ಮಾತು ಓದಿ ಬೇಜಾರಾಯಿತು. ನಮಗೆ ಬೇಕಾಗಿರುವುದು ರಾತ್ರಿ ಹನ್ನೆರಡಕ್ಕೆ ಏನಾದರೂ ಆದರೆ ಫೋನ್ ಎತ್ತುವ ಒಬ್ಬ ಮನುಷ್ಯ, ಅಷ್ಟೇ. ಟೀಚರಮ್ಮ, ನೀವು ಲೋಕಲ್ ಗಾರ್ಡಿಯನ್ ಅಂತ ಸಹಿ ಹಾಕಿ. ಅಡ್ವಾನ್ಸ್ ಕಂತಿನಲ್ಲಿ ಕೊಡುತ್ತೇವೆ ಅಂತ ಬಾಯಿ ಬಿಟ್ಟು ಕೇಳಿ, ಒಪ್ಪುವವರು ಇದ್ದಾರೆ. ನಮ್ಮಲ್ಲಿ ಇಂಥ ಒಬ್ಬಳು ಇದ್ದಳು, ಮೊದಲ ತಿಂಗಳು ಪ್ರತಿ ಸಲ ತಟ್ಟೆ ಹಿಡಿದು ನನ್ನ ಅನುಮತಿಗೆ ಕಾಯುತ್ತಿದ್ದಳು, ಒಬ್ಬಳೇ ಬಸ್ ಹತ್ತಲು ಹೆದರುತ್ತಿದ್ದಳು. ಈ ಮೂರು ತಿಂಗಳಲ್ಲಿ ಬ್ಯಾಂಕು, ಮಾರ್ಕೆಟ್ಟು, ಬಸ್ಸು ಎಲ್ಲ ಒಂದೊಂದು ಸಲ ತೋರಿಸಿಬಿಡಿ ಅಮ್ಮ.

ಮಾಜಿ ಕೇಸ್ ವರ್ಕರ್:
ಮರೆತಿದ್ದೆ. ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಾಸ್‌ಬುಕ್, ಸಮಿತಿಯ ಆದೇಶದ ಪ್ರತಿ ಅವಳ ಕೈಗೆ ಬರಲಿ. ಆಧಾರ್‌ಗೆ ಯಾರ ಮೊಬೈಲ್ ಲಿಂಕ್ ಆಗಿದೆ ಅಂತಲೂ ನೋಡಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಯಾವುದಕ್ಕೆ ಹೋದರೂ ಓಟಿಪಿ ಬೇಕು.

ಭಾನುವಾರದ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹೋಗಿ ಬಂದೆ. ಯೋಜನೆ ಬರೆದಿರಲಿಲ್ಲ, ಅರ್ಜಿ ಅವಳೇ ಬರೆದಳು, ಎರಡು ಪುಟ. ನಾನು ಒಂದು ಅಕ್ಷರವೂ ತಿದ್ದಲಿಲ್ಲ. ಮಂಜುಳಕ್ಕ, ಗಾರ್ಡಿಯನ್ ಸಹಿ ನಾನೇ ಹಾಕುತ್ತೇನೆ, ಮನೆಯವರೂ ಒಪ್ಪಿದ್ದಾರೆ, ರಜೆಯಲ್ಲಿ ನಮ್ಮ ಹಾಲ್‌ನಲ್ಲೇ ಮಲಗಲಿ ಅಂದರು ಅತ್ತೆ. ಆಧಾರ್‌ನಲ್ಲಿ ಇರುವುದು ಮೂರು ವರ್ಷದ ಹಿಂದೆ ವರ್ಗವಾಗಿ ಹೋದ ಮೇಡಂ ಒಬ್ಬರ ನಂಬರ್! ಅನುಮತಿ ಸಿಕ್ಕಿದೆ, ಶನಿವಾರ ಅವಳನ್ನು ಕರೆದುಕೊಂಡು ಆಧಾರ್ ಸೆಂಟರ್‌ಗೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಬಸ್ ಯಾವುದು ಅಂತ ಅವಳೇ ಕೇಳಿ ತಿಳಿದುಕೊಳ್ಳಬೇಕು ಅಂತ ಹೇಳಿದ್ದೇನೆ.